ಮಳೆಗಾಲದಲ್ಲಿ ಗಿಟಾರ್ ಭಾರವಾಗಿದೆಯೇ? ಮೊದಲು ತೂಗಿ ನೋಡಿ, ಆಮೇಲೆ ರಿಪೇರಿ

ಜೂನ್ ಕಳೆದು ಮಳೆ ಬಿಡದೆ ಹಿಡಿದ ಮೇಲೆ, ಕಾರವಾರದಿಂದ ಭಟ್ಕಳದವರೆಗೆ ಗಿಟಾರ್ ಇರುವ ಮನೆಗಳ ದೂರು ಹೆಚ್ಚುಕಡಿಮೆ ಒಂದೇ. ತಂತಿ ಮೇಲೆದ್ದಿದೆ, ಒತ್ತಿದರೆ ಬೆರಳು ನೋಯುತ್ತದೆ, ದನಿ ಮಂಕಾಗಿದೆ, ಕೈಗೆತ್ತಿಕೊಂಡರೆ ಯಾಕೋ ಭಾರ. ಘಟ್ಟ ಹತ್ತಿ ಶಿರಸಿ, ಸಿದ್ದಾಪುರ, ಯಲ್ಲಾಪುರಕ್ಕೆ ಹೋದರೂ ಮಾತು ಬದಲಾಗುವುದಿಲ್ಲ. ಅಲ್ಲಿ ಕಡಲಿನ ಉಪ್ಪುಗಾಳಿ ಇಲ್ಲ, ಅಷ್ಟೇ ವ್ಯತ್ಯಾಸ.

ಆಗ ಬಹಳ ಜನ ಮೊದಲು ಮಾಡುವ ಕೆಲಸವೆಂದರೆ ಅಲೆನ್ ಕೀ ಹುಡುಕಿ ಟ್ರಸ್ ರಾಡ್ (ಗಿಟಾರಿನ ಉದ್ದನೆಯ ಹಿಡಿ, ಅಂದರೆ ನೆಕ್ಕಿನ ಒಳಗಿರುವ ಲೋಹದ ಸರಳು) ತಿರುಗಿಸುವುದು, ಇಲ್ಲವೇ ಸ್ಯಾಡಲ್ (ಬಾಡಿಯ ಮೇಲೆ ತಂತಿ ಕೂರುವ ಸಣ್ಣ ಪಟ್ಟಿ) ತೆಗೆದು ಉಜ್ಜಿ ತಗ್ಗಿಸುವುದು. ಜುಲೈಯಲ್ಲಿ ಉಜ್ಜಿದ ಸ್ಯಾಡಲ್ ಜನವರಿಯಲ್ಲಿ ಸಾಲದೆ ಬರುತ್ತದೆ, ತಂತಿ ಫ್ರೆಟ್ಟಿಗೆ (ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿಗೆ) ಬಡಿದು ಝರ್ ಎನ್ನತೊಡಗುತ್ತದೆ. ಉಜ್ಜಿ ಹೋದದ್ದು ವಾಪಸ್ ಬರುವುದಿಲ್ಲ, ಹೊಸ ಸ್ಯಾಡಲ್ಲೇ ಹಾಕಿಸಬೇಕು. ಅದಕ್ಕೇ ಹೇಳುವುದು: ಯಾವ ಹತಾರಕ್ಕೂ ಕೈ ಹಾಕುವ ಮೊದಲು ಗಿಟಾರನ್ನು ತೂಗಿ. ಖರ್ಚಿಲ್ಲದ ಪರೀಕ್ಷೆ, ಹತ್ತು ನಿಮಿಷದ ಕೆಲಸ.

ಒಮ್ಮೆ ತೂಗಿ ಸಿಕ್ಕ ಅಂಕಿಯಿಂದ ಗಿಟಾರ್ ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುವುದಿಲ್ಲ. ಅದೇ ಗಿಟಾರಿನ ತೂಕ ಬೇಸಿಗೆಯಿಂದ ಮಳೆಗಾಲಕ್ಕೆ ಎಷ್ಟು ಏರಿತು ಎಂಬುದೇ ನಮಗೆ ಬೇಕಾದ ಸುಳಿವು. ಅಡಿಕೆ ಮಾರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಸರಿಯಾಗಿ ಒಣಗದ ಚೀಲವನ್ನು ಎತ್ತಿದ ಕೈಗೇ ಗೊತ್ತಾಗುತ್ತದೆ, ಕಾಂಟಾ ಅದನ್ನು ಖಾತ್ರಿ ಮಾಡುತ್ತದೆ. ಗಿಟಾರಿನಲ್ಲಿ ವ್ಯತ್ಯಾಸ ಕೆಲವೇ ಹತ್ತು ಗ್ರಾಂಗಳದ್ದಾದ್ದರಿಂದ ಕೈಗೆ ನಿಜವಾಗಿ ಸಿಗುವುದಿಲ್ಲ, ತಕ್ಕಡಿಯೇ ಬೇಕು.

ಅಂದಾಜಿಗೆ ಇಷ್ಟು ತಿಳಿದಿರಲಿ. ಡ್ರೆಡ್‌ನಾಟ್ ಆಕಾರದ ಅಕೌಸ್ಟಿಕ್ ಗಿಟಾರ್ ಸುಮಾರು 2 ಕಿಲೋ ಇರುತ್ತದೆ. ನೈಲಾನ್ ತಂತಿಯ ಕ್ಲಾಸಿಕಲ್ ಒಂದೂವರೆ ಕಿಲೋ ಆಸುಪಾಸು. ಸ್ಟ್ರ್ಯಾಟೋಕಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಸಾಮಾನ್ಯವಾಗಿ 3.2ರಿಂದ 3.8 ಕಿಲೋ. ಲೆಸ್ ಪಾಲ್ ಮಾದರಿ 4 ಕಿಲೋ ದಾಟುವುದೇ ಹೆಚ್ಚು.

## ತಕ್ಕಡಿ ಪ್ರತಿ ಸಲ ಬೇರೆ ಬೇರೆ ತೂಕ ತೋರಿಸುತ್ತಿದೆ

ಗಿಟಾರನ್ನು ಸಂಶಯಿಸುವ ಮೊದಲು ತಕ್ಕಡಿಯನ್ನು ಸಂಶಯಿಸಿ.

ಮನುಷ್ಯರ ತೂಕ ನೋಡುವ ಮೆಷಿನ್ ಮೇಲೆ ಗಿಟಾರ್ ಹಿಡಿದು ನಿಂತು, ಆಮೇಲೆ ಬರಿಗೈಯಲ್ಲಿ ನಿಂತು, ಕಳೆದು ನೋಡುವುದು ಎಲ್ಲರಿಗೂ ಹೊಳೆಯುವ ದಾರಿ. ಅದರಲ್ಲಿ ಸಾಮಾನ್ಯವಾಗಿ 100 ಗ್ರಾಂಗಿಂತ ಸಣ್ಣ ಲೆಕ್ಕ ಬರುವುದಿಲ್ಲ. ಸಾಲದ್ದಕ್ಕೆ ಅನೇಕ ಡಿಜಿಟಲ್ ಮೆಷಿನ್‌ಗಳು, ಎರಡನೇ ಸಲದ ತೂಕ ಮೊದಲಿನದಕ್ಕೆ ತೀರ ಹತ್ತಿರವಿದ್ದರೆ ಹಳೆಯ ಅಂಕಿಯನ್ನೇ ಮತ್ತೆ ತೋರಿಸಿಬಿಡುತ್ತವೆ. ಎಲೆಕ್ಟ್ರಿಕ್ ಗಿಟಾರ್ ಮೂರೂವರೆ ಕಿಲೋ ಇದೆಯೋ ನಾಲ್ಕೂವರೆಯೋ ಎಂದು ತಿಳಿಯಲು ಅದು ಸಾಕು. ಥಂಡಿ ಹಿಡಿದದ್ದನ್ನು ಪತ್ತೆ ಹಚ್ಚಲು ಆಗದು.

ಲಗೇಜ್ ತೂಗುವ ಕೊಕ್ಕೆಯ ತಕ್ಕಡಿ ಇದಕ್ಕಿಂತ ಮೇಲು. ಗಿಟಾರನ್ನು ಸ್ಟ್ರಾಪಿನಿಂದ ನೇತುಹಾಕುವುದಾದರೆ ಸ್ಟ್ರಾಪನ್ನು ಬೇರೆ ತೂಗಿ ಕಳೆಯಿರಿ. ತಂತಿಗೋ ಶ್ರುತಿ ಮಾಡುವ ಟ್ಯೂನರ್‌ಗೋ ಕೊಕ್ಕೆ ಸಿಕ್ಕಿಸಬೇಡಿ. ಕೆಳಗೆ ಹಾಸಿಗೆ ಇರಲಿ, ಒಂದು ಗೇಣಿಗಿಂತ ಮೇಲೆತ್ತುವುದು ಬೇಡ.

ನನ್ನ ಆಯ್ಕೆ ಮಾತ್ರ ಅಡುಗೆಮನೆಯ ಡಿಜಿಟಲ್ ತಕ್ಕಡಿ. 5 ಅಥವಾ 10 ಕಿಲೋವರೆಗೆ ತೂಗುತ್ತದೆ, ಒಂದು ಗ್ರಾಂ ಲೆಕ್ಕ ಕೊಡುತ್ತದೆ. ತೊಡಕು ಏನೆಂದರೆ ಗಿಟಾರ್ ಇಟ್ಟ ಕೂಡಲೇ ಅಂಕಿ ಮುಚ್ಚಿಹೋಗುತ್ತದೆ. ತಟ್ಟೆಯ ಮೇಲೆ ಅಗಲ ಬಾಯಿಯ ಸ್ಟೀಲ್ ಡಬ್ಬವೊಂದನ್ನು ಬೋರಲು ಇಟ್ಟು, ಅದರ ಮೇಲೆ ಮಡಚಿದ ಟವೆಲ್ ಹಾಕಿ, ಟೇರ್ ಗುಂಡಿ ಒತ್ತಿ ಸೊನ್ನೆ ಮಾಡಿಕೊಳ್ಳಿ. ಆಮೇಲೆ ಗಿಟಾರನ್ನು ಅಂಗಾತ ಮಲಗಿಸಿ, ತಾನಾಗಿ ಸಮತೋಲಕ್ಕೆ ಬರುವವರೆಗೆ ಅತ್ತಿತ್ತ ಸರಿಸಿ. ನೆಕ್ಕಿನ ತುದಿ ಮೇಜಿಗೆ ತಾಗಿದರೂ ತೂಕ ತಪ್ಪುತ್ತದೆ. ಕೈಯನ್ನು ಒಂದು ಬೆರಳಿನಷ್ಟು ದೂರದಲ್ಲಿ ಕಾವಲು ಇಟ್ಟುಕೊಂಡೇ ಇರಿ, ಪೂರ್ತಿ ಬಿಟ್ಟು ಹೋಗಬೇಡಿ.

ತಕ್ಕಡಿ ಸರಿ ಇದೆಯೇ ಎಂದು ನೋಡಲು ಖಾಲಿ ಬಾಟಲಿ ತೂಗಿ, ಅಳತೆ ಮಾಡಿದ ಒಂದು ಲೀಟರ್ ನೀರು ಹಾಕಿ ಮತ್ತೆ ತೂಗಿ. ವ್ಯತ್ಯಾಸ ಹೆಚ್ಚುಕಡಿಮೆ ಒಂದು ಕಿಲೋ ಬರಬೇಕು. ಹತ್ತಾರು ಗ್ರಾಂ ಆಚೀಚೆ ಆದರೆ ಮೊದಲು ಸೆಲ್ ಬದಲಿಸಿ. ಕಿರಾಣಿ ಅಂಗಡಿಯ ಕಾಂಟಾಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುತ್ತದೆ. ಪರಿಚಯದ ಅಂಗಡಿಯಾದರೆ ಜನ ಕಡಿಮೆ ಇರುವ ಹೊತ್ತಿಗೆ ಹೋಗಿ ಒಮ್ಮೆ ತೂಗಿಸಿ, ಮನೆಯ ಅಂಕಿಗೆ ತಾಳೆ ನೋಡಬಹುದು.

ತೂಗುವಾಗ ಪ್ರತಿ ಸಲ ಒಂದೇ ಸ್ಥಿತಿ ಇರಲಿ: ಸ್ಟ್ರಾಪ್ ಇಲ್ಲ, ನೆಕ್ಕಿಗೆ ಸಿಕ್ಕಿಸುವ ಕೇಪೋ ಇಲ್ಲ, ತಂತಿ ಅದೇ. ಒಂದು ಸೆಟ್ ಸ್ಟೀಲ್ ತಂತಿಯೇ ಸುಮಾರು 20 ಗ್ರಾಂ, ದನಿ ಹಿಡಿಯುವ ಪಿಕಪ್‌ಗೆ ಹಾಕುವ 9 ವೋಲ್ಟ್ ಬ್ಯಾಟರಿ 45 ಗ್ರಾಂ ಹತ್ತಿರ. ಬ್ಯಾಟರಿ ತೆಗೆದು ಮರೆತರೆ ಗಿಟಾರ್ ಒಣಗಿತೆಂದು ತಪ್ಪು ತಿಳಿಯುತ್ತೀರಿ. ಅಂಕಿಯ ಜೊತೆ ತಾರೀಖನ್ನೂ ಬರೆದಿಡಿ.

## ತೂಕ ಏರಿದೆ, ತಂತಿಯೂ ಮೇಲೆದ್ದಿದೆ

ನಮ್ಮ ಕಡೆಯ ದೂರುಗಳಲ್ಲಿ ಹೆಚ್ಚಿನವು ಇದೇ ಗುಂಪಿನವು. ಅರ್ಥ ಸರಳ: ಮರ ನೀರು ಕುಡಿದಿದೆ.

ಮರ ಸುತ್ತಲಿನ ಗಾಳಿಗೆ ತಕ್ಕಂತೆ ತೇವ ಹೀರುತ್ತದೆ, ಬಿಡುತ್ತದೆ. ಗಾಳಿಯ ಆರ್ದ್ರತೆ ಶೇ. 50 ಇರುವಲ್ಲಿ ಬಹಳ ದಿನ ಇಟ್ಟ ಮರದಲ್ಲಿ, ಅದರ ಒಣ ತೂಕದ ಶೇ. 9ರಷ್ಟು ನೀರು ಉಳಿಯುತ್ತದೆ. ಆರ್ದ್ರತೆ ಶೇ. 80 ಆದರೆ ಅದು ಶೇ. 16ರ ಹತ್ತಿರ ಹೋಗುತ್ತದೆ. ಕಾರವಾರ, ಅಂಕೋಲಾ, ಕುಮಟಾದಲ್ಲಿ ಮಳೆಗಾಲದ ಗಾಳಿ ವಾರಗಟ್ಟಲೆ ಶೇ. 80ಕ್ಕಿಂತ ಮೇಲೇ ಇರುತ್ತದೆ. ಗಿಟಾರಿನ ಹೊರಮೈಗೆ ಪಾಲಿಶ್ ಇದೆಯಲ್ಲ ಎನ್ನಬಹುದು. ಪಾಲಿಶ್ ತೇವವನ್ನು ನಿಧಾನ ಮಾಡುತ್ತದೆ, ತಡೆಯುವುದಿಲ್ಲ. ಮೇಲಾಗಿ ಅಕೌಸ್ಟಿಕ್ ಗಿಟಾರಿನ ಒಳಮೈ ಸಾಮಾನ್ಯವಾಗಿ ಪಾಲಿಶ್ ಕಾಣದ ಬರಿ ಮರ. ಬಾಡಿಯ ನಡುವಿನ ತೂತು, ಅಂದರೆ ಸೌಂಡ್‌ಹೋಲ್‌ನಲ್ಲಿ ಬೆರಳು ಹಾಕಿ ಸವರಿದರೆ ಆ ಒರಟು ಕೈಗೇ ಸಿಗುತ್ತದೆ.

ಲೆಕ್ಕ ಹೀಗೆ. ಎರಡು ಕಿಲೋ ಗಿಟಾರಿನಲ್ಲಿ ಲೋಹ, ತಂತಿ, ಪ್ಲಾಸ್ಟಿಕ್ ಕಳೆದು ಮರ ಸುಮಾರು ಒಂದೂವರೆ ಕಿಲೋ ಎಂದುಕೊಳ್ಳಿ. ತೇವ ಶೇ. 1 ಏರಿದರೆ ತೂಕ 15 ಗ್ರಾಂ ಏರುತ್ತದೆ. ಜನವರಿಯಲ್ಲಿ 2,010 ಗ್ರಾಂ ಇದ್ದದ್ದು ಆಗಸ್ಟ್‌ನಲ್ಲಿ 2,070 ತೋರಿಸಿದರೆ ಮರದ ತೇವ ಶೇ. 4ರಷ್ಟು ಏರಿದೆ. ಅರವತ್ತೇ ಗ್ರಾಂ ಎಂದು ಕಡೆಗಣಿಸಬೇಡಿ. ಮರ ಎಳೆಯ ಉದ್ದಕ್ಕೆ ಹಿಗ್ಗುವುದು ತೀರ ಕಡಿಮೆ, ಅಡ್ಡಕ್ಕೆ ಹಿಗ್ಗುತ್ತದೆ. ನಲವತ್ತು ಸೆಂಟಿಮೀಟರ್ ಅಗಲದ ಸ್ಪ್ರೂಸ್ ಮೇಲ್ಹಲಗೆ ಶೇ. 1 ತೇವಕ್ಕೆ ಅರ್ಧ ಮಿಲಿಮೀಟರ್‌ನಷ್ಟು ಅಗಲವಾಗಲು ನೋಡುತ್ತದೆ. ಶೇ. 4 ಅಂದರೆ ಎರಡು ಮಿಲಿಮೀಟರ್. ಅಂಚುಗಳು ಪಕ್ಕದ ಪಟ್ಟಿಗೆ ಅಂಟಿಕೊಂಡಿರುವಾಗ ಅದು ಹೊರಗೆ ಸರಿಯಲಾರದು, ಮೇಲಕ್ಕೆ ಉಬ್ಬುತ್ತದೆ. ಸ್ಯಾಡಲ್ ಕೂರುವ ಮರದ ತುಂಡು, ಅಂದರೆ ಬ್ರಿಜ್, ಅದರ ಜೊತೆ ಏಳುತ್ತದೆ, ಬ್ರಿಜ್ ಜೊತೆ ತಂತಿ. ಬೆರಳು ನೋಯುವುದು ಈ ಕಾರಣಕ್ಕೆ.

ಮೇಲ್ಹಲಗೆ ಪ್ಲೈ ಆಗಿದ್ದರೆ ಉಬ್ಬು ಕಡಿಮೆ. ಅಗ್ಗದ ಗಿಟಾರ್ ಮಳೆಗಾಲವನ್ನು ದುಬಾರಿ ಗಿಟಾರಿಗಿಂತ ಚೆನ್ನಾಗಿ ತಾಳಿಕೊಳ್ಳುವುದು ಇದೇ ಕಾರಣಕ್ಕೆ. ಕಲಿಯುವ ಮಕ್ಕಳಿಗೆ ಕರಾವಳಿಯಲ್ಲಿ ಪ್ಲೈ ಗಿಟಾರ್ ಕೊಡಿಸಿದರೆ ಅದರಲ್ಲಿ ಕೊರತೆ ಏನೂ ಇಲ್ಲ ಎಂದೇ ನನ್ನ ಅಭಿಪ್ರಾಯ.

ಈಗ ಏನು ಮಾಡಬೇಕು? ಮೊದಲು ಕೇಸನ್ನು ತೆರೆದು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಕೇಸೇ ತೇವದ ಮನೆಯಾಗಿದೆ. ಒಳಗಿನ ಮಖಮಲ್ ಬಟ್ಟೆ, ಪ್ಲೈ ಎರಡೂ ನೀರು ಹಿಡಿದಿಡುತ್ತವೆ; ಕೇಸನ್ನೂ ಬೇರೆಯಾಗಿ ತೂಗಿದರೆ ಗೊತ್ತಾಗುತ್ತದೆ. ಗಿಟಾರನ್ನು ಹೊರತೆಗೆದು, ಹೊರಗೋಡೆಗೆ ತಾಗದಂತೆ, ಫ್ಯಾನ್ ಇರುವ ಒಳಕೋಣೆಯಲ್ಲಿ ಇಡಿ. ಖಾಲಿ ಕೇಸನ್ನು ಬಿಸಿಲು ಬಂದ ದಿನ ತೆರೆದು ಒಣಗಿಸಿ. ಒಳಗೆ ಬೂಸಲು ಕಂಡರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣ ಬಟ್ಟೆಯಿಂದ ಒರೆಸಿ.

ಗಾಳಿಯ ಆರ್ದ್ರತೆ ಅಳೆಯುವ ಒಂದು ಹೈಗ್ರೋಮೀಟರ್ ತಂದಿಟ್ಟುಕೊಳ್ಳಿ. ಸಣ್ಣ ಡಿಜಿಟಲ್ ಹೈಗ್ರೋಮೀಟರ್ ದುಬಾರಿಯಲ್ಲ. ಅದು ನಿಜ ಹೇಳುತ್ತಿದೆಯೇ ಎಂದು ನೋಡಲು ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಸರಿನಷ್ಟು ಮಾತ್ರ ಒದ್ದೆ ಮಾಡಿ, ಗಾಳಿಯಾಡದ ಡಬ್ಬದಲ್ಲಿ ಹೈಗ್ರೋಮೀಟರ್ ಜೊತೆ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಶೇ. 75 ತೋರಿಸಬೇಕು. ಎಷ್ಟು ತಪ್ಪುತ್ತದೋ ಅಷ್ಟನ್ನು ಮುಂದೆ ಕೂಡಿಸಿ, ಕಳೆದು ಓದಿ. ಗಿಟಾರಿಗೆ ಹಿತವಾದ ಆರ್ದ್ರತೆ ಶೇ. 45ರಿಂದ 55.

ಕೇಸು ಒಣಗಿದ ಮೇಲೆ ಸಿಲಿಕಾ ಜೆಲ್. ಇಲ್ಲಿ ಬಹಳ ಜನ ಚಪ್ಪಲಿ ಡಬ್ಬದ ಪುಟ್ಟ ಪೊಟ್ಟಣ ಹಾಕಿ ಸುಮ್ಮನಾಗುತ್ತಾರೆ. ಸಿಲಿಕಾ ಜೆಲ್ ತನ್ನ ತೂಕದ ಕಾಲು ಭಾಗದಷ್ಟು ನೀರು ಹೀರುತ್ತದೆ ಎಂದಿಟ್ಟುಕೊಂಡರೂ, 60 ಗ್ರಾಂ ನೀರಿಗೆ 240 ಗ್ರಾಂ ಜೆಲ್ ಬೇಕು. ಕೇಸಿನ ಬಟ್ಟೆಯ ತೇವ ಬೇರೆ. ಹಾಗಾಗಿ ಬಟ್ಟೆಯ ಚೀಲದಲ್ಲಿ 300 ಗ್ರಾಂ ಆದರೂ ಹಾಕಿ, ಆ ಚೀಲವನ್ನೂ ತೂಗಿ ಬರೆದಿಡಿ. ವಾರದ ನಂತರ ಚೀಲದ ತೂಕ ಎಷ್ಟು ಏರಿದೆಯೋ ಅಷ್ಟು ನೀರು ಹೊರಬಂದಿದೆ. ತೂಕ ಏರುವುದು ನಿಂತರೆ ಜೆಲ್ ತುಂಬಿತು, ಬಿಸಿ ಮಾಡಿ ಒಣಗಿಸಬೇಕು. ನೀಲಿಯಿಂದ ಗುಲಾಬಿಗೆ ತಿರುಗುವ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಸ್ತು ಇರುತ್ತದೆ. ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಕಿತ್ತಳೆ ಬಣ್ಣದ್ದು ಸಿಕ್ಕರೆ ಅದನ್ನೇ ಕೊಳ್ಳಿ. ಕೇಸಿನೊಳಗೆ ಶೇ. 50ಕ್ಕೆ ಇಳಿದ ಕೂಡಲೇ ಜೆಲ್ ಕಡಿಮೆ ಮಾಡಿ.

ಅವಸರ ಬೇಡವೇ ಬೇಡ. ವಾರಕ್ಕೆ ಹತ್ತು ಹದಿನೈದು ಗ್ರಾಂ ಇಳಿದರೆ ನನಗೆ ಸಮಾಧಾನ. ಬಿಸಿಲಿಗೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು, ಮಲೆನಾಡಿನ ಮನೆಗಳಲ್ಲಿ ಬೆಚ್ಚಗಿರುತ್ತದೆಂದು ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು, ಕೇಸಿನೊಳಗೆ ಬಲ್ಬ್ ಉರಿಸುವುದು ಎಲ್ಲವೂ ಅಪಾಯ. ಹೊರಪದರ ಬೇಗ ಒಣಗಿ ಒಳಗೆ ತೇವ ಉಳಿದರೆ ಹಲಗೆ ಸೀಳುತ್ತದೆ. ಕಾವಿಗೆ ಅಂಟು ಮೆತ್ತಗಾಗಿ ಬ್ರಿಜ್ ಏಳುತ್ತದೆ. ಬಲ್ಬಿನಿಂದ ಬೆಂಕಿಯೇ ಹೊತ್ತಿಕೊಳ್ಳಬಹುದು.

ಬೇಸಿಗೆಯ ತೂಕ ಬರೆದಿಟ್ಟುಕೊಂಡಿಲ್ಲದಿದ್ದರೂ ಚಿಂತೆಯಿಲ್ಲ. ಇವತ್ತೇ ತೂಗಿ, ಒಣಗಿಸಲು ಶುರು ಮಾಡಿ. ವಾರದಿಂದ ವಾರಕ್ಕೆ ತೂಕ ಇಳಿಯುತ್ತ ತಂತಿಯೂ ಇಳಿದರೆ ರೋಗ ನೀರಿನದೇ. ತೂಕ ಒಂದು ಕಡೆ ನಿಲ್ಲುವವರೆಗೆ ಸ್ಯಾಡಲ್ಲಿಗೂ ಟ್ರಸ್ ರಾಡಿಗೂ ಕೈ ಹಾಕಬೇಡಿ.

## ತಂತಿ ಮೇಲೆದ್ದಿದೆ, ತೂಕ ಮಾತ್ರ ಅಷ್ಟೇ ಇದೆ

ಇದು ನೀರಿನ ಕಾಯಿಲೆಯಲ್ಲ, ಕಾಯುವುದರಿಂದ ಪ್ರಯೋಜನವಿಲ್ಲ. ಎರಡು ಜಾಗ ನೋಡಿ.

ಒಂದು, ನೆಕ್. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ಬಾಡಿ ಸೇರುವ ಫ್ರೆಟ್‌ನಲ್ಲಿ ಇನ್ನೊಂದು ಕೈಯಿಂದ ಒತ್ತಿ. ನಡುವೆ ತಂತಿಗೂ ಫ್ರೆಟ್ಟಿಗೂ ದಪ್ಪ ಕಾಗದ ತೂರುವಷ್ಟು ಸಂದು ಇದ್ದರೆ ಸರಿ. ಒಂದು ಮಿಲಿಮೀಟರ್ ಹತ್ತಿರ ಇದ್ದರೆ ನೆಕ್ ಬಾಗಿದೆ. ಟ್ರಸ್ ರಾಡ್ ಇರುವುದು ಇದಕ್ಕೇ. ಒಮ್ಮೆಗೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಮತ್ತೆ ಶ್ರುತಿ ಮಾಡಿ, ಒಂದು ದಿನ ಬಿಟ್ಟು ನೋಡಿ. ಬಿಗಿಯಾಗಿದ್ದು ತಿರುಗದಿದ್ದರೆ ಅಲ್ಲಿಗೇ ಬಿಡಿ.

ಎರಡು, ಬ್ರಿಜ್. ತೆಳುವಾದ ಕಾಗದದ ಚೂರನ್ನು ಬ್ರಿಜ್‌ನ ಹಿಂದಿನ ಅಂಚಿನಲ್ಲಿ, ಬಾಡಿಗೆ ಅಂಟಿದ ಗೆರೆಯುದ್ದಕ್ಕೂ ಎಳೆಯಿರಿ. ಎಲ್ಲಾದರೂ ಅಡಿಗೆ ತೂರಿ ಒಂದೆರಡು ಮಿಲಿಮೀಟರ್ ಒಳಹೋದರೆ ಬ್ರಿಜ್ ಕಳಚುತ್ತಿದೆ. ಕೂಡಲೇ ಎಲ್ಲ ತಂತಿ ಸಡಿಲಿಸಿ. ಶ್ರುತಿಯಲ್ಲಿರುವ ಆರು ಸ್ಟೀಲ್ ತಂತಿಗಳು ಒಟ್ಟಾಗಿ 70 ಕಿಲೋ ಭಾರದಷ್ಟು ಬಲದಿಂದ ಆ ತುಂಡನ್ನು ಎಳೆಯುತ್ತಿರುತ್ತವೆ; ಪೂರ್ತಿ ಕಿತ್ತು ಬಂದರೆ ಮುಖಕ್ಕೆ ಹಾರಬಹುದು, ಮೇಲ್ಹಲಗೆಯ ಚಕ್ಕೆಯನ್ನೂ ಕಿತ್ತುಕೊಂಡು ಬರಬಹುದು. ಸಂದಿಗೆ ಫೆವಿಕ್ವಿಕ್ ಸುರಿಯಬೇಡಿ. ಮುಂದೆ ರಿಪೇರಿ ಮಾಡುವವರು ಅದನ್ನು ಕೆರೆದು ತೆಗೆಯುವುದಕ್ಕೇ ದಿನ ಕಳೆಯಬೇಕಾಗುತ್ತದೆ.

## ತೂಕ ಇಳಿದಿದೆ, ಫ್ರೆಟ್ ತುದಿ ಕೈಗೆ ಚುಚ್ಚುತ್ತಿದೆ

ಇಲ್ಲಿನ ಗಿಟಾರ್ ಹುಬ್ಬಳ್ಳಿ, ಬೆಂಗಳೂರು ಸೇರಿದಾಗ ಕಾಣುವ ಲಕ್ಷಣ. ಕಾಲೇಜಿಗೆಂದು ಮಕ್ಕಳು ಘಟ್ಟ ದಾಟಿ ಹೋದಾಗ, ಫೆಬ್ರವರಿ-ಮಾರ್ಚ್‌ನ ಒಣಗಾಳಿಗೋ ಏಸಿ ಕೋಣೆಗೋ ಮರ ಕುಗ್ಗುತ್ತದೆ. ಲೋಹದ ಫ್ರೆಟ್ ಕುಗ್ಗುವುದಿಲ್ಲ, ಅದರ ತುದಿ ಹೊರಗೆ ಇಣುಕುತ್ತದೆ. ಉಬ್ಬಿದ್ದ ಮೇಲ್ಹಲಗೆ ತಗ್ಗಾಗುತ್ತದೆ, ತಂತಿ ಝರ್ ಎನ್ನುತ್ತದೆ. ಫ್ರೆಟ್ ತುದಿಯನ್ನು ಆಗಲೇ ಅರದಿಂದ ಉಜ್ಜಿಸಬೇಡಿ. ರಂಧ್ರವಿರುವ ಸೋಪಿನ ಡಬ್ಬಿಯಲ್ಲಿ ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜ್ ಇಟ್ಟು ಕೇಸಿನಲ್ಲಿ ಹಾಕಿ, ತೂಕ ಮೆಲ್ಲಗೆ ಏರಲು ಬಿಡಿ. ಸ್ಪಂಜ್ ಮರಕ್ಕೆ ತಾಗಬಾರದು. ಮೇಲ್ಹಲಗೆಯಲ್ಲಿ ಕೂದಲೆಳೆಯಷ್ಟು ಸೀಳು ಕಂಡರೂ ನುರಿತವರಿಗೆ ತೋರಿಸಿ. ಹೊಸ ಸೀಳು ಸುಲಭವಾಗಿ ಕೂಡುತ್ತದೆ, ಧೂಳು ಸೇರಿದ ಹಳೆಯದು ಕೂಡುವುದಿಲ್ಲ.

## ಕೈ ಬಿಟ್ಟರೆ ನೆಕ್ ಕೆಳಗೆ ವಾಲುತ್ತದೆ

ಎಲೆಕ್ಟ್ರಿಕ್ ಗಿಟಾರಿನಲ್ಲಿ ಒಟ್ಟು ತೂಕಕ್ಕಿಂತ ತೂಕ ಎಲ್ಲಿ ಕೂತಿದೆ ಎಂಬುದು ಮುಖ್ಯ. ಎಸ್‌ಜಿ ಮಾದರಿಯ ಗಿಟಾರ್ ಹಗುರವಾಗಿದ್ದೂ ವಾಲುತ್ತದೆ. ಅದರ ಬಾಡಿ ತೆಳು, ಸ್ಟ್ರಾಪ್ ಗುಂಡಿ ನೆಕ್ಕಿನ ಬುಡದಲ್ಲಿದೆ. ಸ್ಟ್ರ್ಯಾಟೋಕಾಸ್ಟರ್‌ನ ಮೇಲಿನ ಕೊಂಬು 12ನೇ ಫ್ರೆಟ್ ಹತ್ತಿರದವರೆಗೆ ಚಾಚಿಕೊಂಡಿರುವುದರಿಂದ ವಾಲುವುದಿಲ್ಲ.

ತೂಕದ ಕೇಂದ್ರವನ್ನು ಮನೆಯಲ್ಲೇ ಹುಡುಕಬಹುದು. ತಕ್ಕಡಿ ಹಾಗೂ ಅಷ್ಟೇ ಎತ್ತರದ ಪುಸ್ತಕದ ಅಟ್ಟಿ, ಎರಡರ ಮೇಲೂ ಒಂದೊಂದು ಪೆನ್ಸಿಲ್ ಅಡ್ಡಲಾಗಿ ಇಡಿ. ಬಾಡಿಯ ಕೆಳತುದಿ ತಕ್ಕಡಿಯ ಪೆನ್ಸಿಲ್ ಮೇಲೆ, ನೆಕ್ ಪುಸ್ತಕದ ಪೆನ್ಸಿಲ್ ಮೇಲೆ ಬರಲಿ. ತೂಕ ಬರೆದುಕೊಳ್ಳಿ. ಪೆನ್ಸಿಲ್ ತಾಗುವ ಜಾಗ ಬದಲಾಗದಂತೆ ತಕ್ಕಡಿ, ಪುಸ್ತಕ ಅದಲುಬದಲು ಮಾಡಿ ಮತ್ತೆ ಓದಿ. ಎರಡನ್ನೂ ಕೂಡಿದರೆ ಗಿಟಾರಿನ ಪೂರ್ತಿ ತೂಕ. ಪೆನ್ಸಿಲ್‌ಗಳ ಅಂತರ 60 ಸೆಂಟಿಮೀಟರ್, ಬಾಡಿ ಕಡೆ 2.1 ಕಿಲೋ, ನೆಕ್ ಕಡೆ 1.4 ಕಿಲೋ ಬಂತೆನ್ನಿ. ಅಂತರವನ್ನು ನೆಕ್ ಕಡೆಯ ತೂಕದಿಂದ ಗುಣಿಸಿ, ಒಟ್ಟು 3.5ರಿಂದ ಭಾಗಿಸಿದರೆ 24 ಸೆಂಟಿಮೀಟರ್. ಬಾಡಿ ಕಡೆಯ ಪೆನ್ಸಿಲ್‌ನಿಂದ ಅಷ್ಟು ದೂರದಲ್ಲಿ ತೂಕದ ಕೇಂದ್ರವಿದೆ. ಅದು ಮೇಲಿನ ಸ್ಟ್ರಾಪ್ ಗುಂಡಿಗೆ ಹತ್ತಿರ ಹೋದಷ್ಟೂ ವಾಲುವುದು ಹೆಚ್ಚು, ಗುಂಡಿಯನ್ನು ದಾಟಿ ನೆಕ್ ಕಡೆ ಬಿದ್ದರೆ ಗಿಟಾರ್ ನಿಲ್ಲುವುದೇ ಇಲ್ಲ.

ಅಗ್ಗದ ಪರಿಹಾರ ಒಳಮೈ ಒರಟಾದ, ಅಗಲವಾದ ಸ್ಟ್ರಾಪ್. ಅಂಗಿಯ ಮೇಲೆ ಜಾರುವುದಿಲ್ಲ. ಮುಂದಿನದು ಹಗುರವಾದ ಟ್ಯೂನರ್. ಗುಂಡಿಯ ಜಾಗ ಬದಲಿಸಲು ಡ್ರಿಲ್ ಹಿಡಿಯುವುದು ಕೊನೆಯ ಮಾತು, ಅದನ್ನು ಬಲ್ಲವರಿಂದಲೇ ಮಾಡಿಸಿ.

## ಭುಜ, ಕತ್ತು ನೋಯುತ್ತದೆ

ಲೆಸ್ ಪಾಲ್ 1952ರಲ್ಲಿ ಬಂದದ್ದು. ಗಟ್ಟಿ ಮಹಾಗನಿಯ ಆ ಭಾರಕ್ಕೆ ಅದನ್ನು ತಯಾರಿಸುವ ಗಿಬ್ಸನ್ ಕಂಪನಿಯೇ 1980ರ ದಶಕದಿಂದ ಬಾಡಿಯ ಒಳಗೆ ತೂತು ಕೊರೆದು ಹಗುರ ಮಾಡತೊಡಗಿತು. ಭಾರವಿದ್ದರೇ ದನಿ ಚೆನ್ನ ಎಂಬ ಮಾತನ್ನು ನಂಬಿ ಭುಜ ಕೆಡಿಸಿಕೊಳ್ಳಬೇಡಿ. ಸ್ಟ್ರಾಪ್ ಅಗಲ ಏಳೆಂಟು ಸೆಂಟಿಮೀಟರ್ ಇರಲಿ, ಭಜನೆ, ಚರ್ಚಿನ ಗಾಯನ ಯಾವುದೇ ಇರಲಿ, ಅಭ್ಯಾಸವನ್ನು ಕೂತೇ ಮಾಡಿ. ಬೆರಳಿಗೆ ಜೋಮು ಹಿಡಿಯುವುದು, ನೋವು ತೋಳಿಗೆ ಇಳಿಯುವುದು, ರಾತ್ರಿ ನಿದ್ದೆಗೆಡಿಸುವುದು ಕಂಡರೆ ನುಡಿಸುವುದನ್ನು ನಿಲ್ಲಿಸಿ ವೈದ್ಯರನ್ನು ಕಾಣಿ.

## ತಕ್ಕಡಿಗೆ ಸಿಗದ ಎರಡು ಲಕ್ಷಣ

ಗಿಟಾರ್ ಇಟ್ಟ ಜಾಗದಲ್ಲಿ ಹಿಟ್ಟಿನಂಥ ಪುಡಿ, ಮರದಲ್ಲಿ ಸೂಜಿಮೊನೆಯ ತೂತು ಕಂಡರೆ ಕುಟ್ಟೆ ಹಿಡಿದಿದೆ. ಮನೆಯ ಬೇರೆ ಮರದ ಸಾಮಾನಿನಿಂದ ದೂರ ಇಟ್ಟು ಬೇಗ ತೋರಿಸಿ. ತೂಕ ಇಳಿಯುವವರೆಗೆ ಕಾದರೆ ಮರವೇ ಉಳಿಯುವುದಿಲ್ಲ.

ಆಂಪಿಗೆ (ದನಿ ಹೆಚ್ಚಿಸುವ ಪೆಟ್ಟಿಗೆಗೆ) ಸಿಕ್ಕಿಸಿದಾಗ ತಂತಿ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಅದು ಕರೆಂಟ್. ಅರ್ತಿಂಗ್ ಇಲ್ಲದ ಹಳೆಯ ವೈರಿಂಗ್‌ನಲ್ಲಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವರ ಜೀವಕ್ಕೇ ಅಪಾಯ. ತಂತಿ ಬಿಟ್ಟು ಗೋಡೆಯ ಸ್ವಿಚ್ ಆರಿಸಿ, ಪಿನ್ ಕೀಳಿ. ಎಲೆಕ್ಟ್ರಿಷಿಯನ್ ಬಂದು ಅರ್ತಿಂಗ್ ನೋಡುವವರೆಗೆ ಆಂಪ್ ಹಾಕಬೇಡಿ.

## ರಿಪೇರಿಗೆ ಒಯ್ಯುವಾಗ

ನಮ್ಮ ಕಡೆಯಿಂದ ಗೋವಾಕ್ಕೋ ಹುಬ್ಬಳ್ಳಿಗೋ ಒಯ್ಯುವವರೇ ಹೆಚ್ಚು. ತಂತಿಯನ್ನು ಒಂದೆರಡು ಸ್ವರ ಇಳಿಸಿ, ಕೇಸಿನಲ್ಲಿ ನೆಕ್ಕಿನ ಕೆಳಗೆ ಬಟ್ಟೆ ಕೊಟ್ಟು ಒಯ್ಯಿರಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ತಾರೀಖು ಸಮೇತ ಬರೆದ ತೂಕದ ಚೀಟಿ, 12ನೇ ಫ್ರೆಟ್ ಮೇಲೆ ತಂತಿ ಎಷ್ಟು ಎತ್ತರವಿದೆ ಎಂಬ ಸ್ಕೇಲಿನ ಅಳತೆ, ಕೇಸಿನೊಳಗಿನ ಆರ್ದ್ರತೆ, ಈ ಮೂರನ್ನು ರಿಪೇರಿಯವರ ಕೈಗೆ ಕೊಡಿ. ತೂಕ ಇನ್ನೂ ಇಳಿಯುತ್ತಿದೆ ಎಂದು ಚೀಟಿ ಹೇಳುತ್ತಿದ್ದರೆ, ಒಳ್ಳೆಯ ರಿಪೇರಿಯವರು ಅವತ್ತು ಸ್ಯಾಡಲ್ ಮುಟ್ಟದೆ ನಿಮ್ಮನ್ನು ಇನ್ನೊಂದು ತಿಂಗಳು ಬಿಟ್ಟು ಬರಲು ಹೇಳುತ್ತಾರೆ.